ಕಂಬಳಿ ಹೊದ್ದು ಸಿನಿಮಾ

ನಾಗಪುರದ ಮೇ ತಿಂಗಳೆಂದರೆ 45 ಡಿಗ್ರಿ. ಸೀತಾಬರ್ಡಿ ಪೇಟೆಯಲ್ಲಿ ಜನ ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಓಡಾಡುವ ಕಾಲ. ಅಂಥ ಮಧ್ಯಾಹ್ನ ಐಷಾರಾಮಿ ಚಿತ್ರಮಂದಿರಕ್ಕೆ ಹೋದರೆ ಮೊದಲು ಕೈಗೆ ಬರುವುದು ಕಂಬಳಿ!

ಅದು ಸೀಟಲ್ಲ, ಮಂಚ. ಗುಂಡಿ ಒತ್ತಿದರೆ ಕಾಲು ಮೇಲೇಳುತ್ತದೆ, ಬೆನ್ನು ಹಿಂದಕ್ಕೆ ಜಾರುತ್ತದೆ. ಪರದೆಯ ಮೇಲೆ ಹೆಸರುಗಳು ಮುಗಿಯುವಷ್ಟರಲ್ಲಿ ನಮ್ಮ ಯಜಮಾನರ ಗೊರಕೆ ಶುರು. ಇನ್ನೊಂದು ಗುಂಡಿ ಒತ್ತಿದರೆ ಹುಡುಗ ಬೆನ್ನು ಬಗ್ಗಿಸಿಕೊಂಡು ಬಂದು, ಸರಿಯಾಗಿ ಕೊಲೆಗಾರ ಯಾರೆಂದು ಗೊತ್ತಾಗುವ ಹೊತ್ತಿಗೆ, ‘ಕ್ಯಾ ಲೇಂಗೇ ಮ್ಯಾಡಮ್?’ ಎನ್ನುತ್ತಾನೆ. ನಮ್ಮೂರಿನ ಖಾರದ ರಸದ ಅವಲಕ್ಕಿ, ತರ್ರಿ ಪೋಹಾ ಇದೆಯಾ ಅಂದೆ. ನ್ಯಾಚೋಸ್ ತಂದಿಟ್ಟ.

ಬೆಂಗಳೂರಿನ ತಂಗಿಗೆ ಟಿಕೆಟ್ ದರ ಹೇಳಿ ಗೋಳಾಡಿದೆ. ‘ಅಯ್ಯೋ ಅಕ್ಕಾ, 2025ರಲ್ಲಿ ನಮ್ಮ ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿದಾಗಲೂ, 75 ಸೀಟಿನೊಳಗಿನ ಪ್ರೀಮಿಯಂ ಪರದೆಗಳನ್ನ ಬಿಟ್ಟಿತ್ತು. ಆಮೇಲೆ ಹೈಕೋರ್ಟು ಆ ಮಿತಿಗೇ ತಡೆ ಕೊಡ್ತು’ ಅಂದಳು. ಅಂತೂ ಮಲಗಿ ನೋಡುವವರನ್ನು ಕಾಪಾಡಲು ಯಾವ ಸರ್ಕಾರವೂ ಬರುವುದಿಲ್ಲ.

ನಾಗರಾಜ ಮಂಜುಳೆ ಇದೇ ಊರಲ್ಲಿ ಚಿತ್ರೀಕರಿಸಿದ ‘ಝುಂಡ್’ (2022) ಇಂಥಲ್ಲಿ ಹಾಕಿದರೆ, ಅಮಿತಾಭ್ ಬಂದಾಗ ಸೀಟಿ ಹೊಡೆಯೋದು ಹೇಗೆ? ಅಕ್ಕಪಕ್ಕದವರ ನಿದ್ದೆ ಕೆಡುವುದಿಲ್ಲವೇ?