ನೇರಳೆ ಬಣ್ಣದ ಮೆದೆ

ತೋವಿನಕೆರೆಯ ನಮ್ಮ ನಡುಮನೆಯಲ್ಲಿ ಗಾರೆ ಉದುರಿದ ಜಾಗವೊಂದಿದೆ. ಮುಚ್ಚಲು ಇಷ್ಟು ದಿನ ಕ್ಯಾಲೆಂಡರ್ ಸಾಕಾಗುತ್ತಿತ್ತು. ಹೋದ ವರ್ಷ ಗಾರೆ ಕ್ಯಾಲೆಂಡರಿಗಿಂತ ಅಗಲವಾಗಿ ಉದುರಿತು. ನನ್ನ ಕಲಾಭಿರುಚಿ ಹುಟ್ಟಿದ್ದು ಹೀಗೆ.

ಫ್ರಾನ್ಸಿನ ಕ್ಲಾಡ್ ಮೊನೆ ಬರೆದ ಮೆದೆಯ ಚಿತ್ರವೊಂದನ್ನು ತುಮಕೂರಿನಲ್ಲಿ ದೊಡ್ಡದಾಗಿ ಪ್ರಿಂಟು ಹಾಕಿಸಿದೆ. ಬಿಚ್ಚಿ ನೋಡಿದರೆ ಮೆದೆ ನೇರಳೆ, ನೆರಳು ನೀಲಿ, ಅಂಚಿಗೆ ಕುಂಕುಮ ಚೆಲ್ಲಿದ ಹಾಗೆ! ಇಂಕು ಕೆಟ್ಟಿದೆಯೆಂದು ಅಂಗಡಿಯವನ ಮೇಲೆ ಜಗಳಕ್ಕೇ ಬಿದ್ದೆ. ಪಾಪ, ಅವನು ಮಾತಾಡದೆ ಮೊಬೈಲಿನಲ್ಲಿ ಮೂಲಚಿತ್ರ ತೋರಿಸಿದ. ಅದೂ ನೇರಳೆಯೇ. ರಾಗಿ ಹೊಲದ ನಡುವೆ ಬೆಳೆದವನು ನಾನು. ದುಡ್ಡು ಕೊಟ್ಟು ತೆಪ್ಪಗೆ ಬಸ್ಸು ಹತ್ತಿದೆ.

ದಾರಿಯಲ್ಲಿ ಸಮಾಧಾನಕ್ಕೆ ಕಾಂಡಿನ್ಸ್ಕಿ ನೆನಪಾದ. ಮುಂದೆ ದೊಡ್ಡ ಚಿತ್ರಕಾರನಾದ ಈ ರಷ್ಯನ್ನನಿಗೂ ಮಾಸ್ಕೋದ ಪ್ರದರ್ಶನವೊಂದರಲ್ಲಿ ಮೊನೆಯ ಇಂಥದೇ ಚಿತ್ರ ಕಂಡಾಗ ಅದು ಮೆದೆಯೆಂದು ಗೊತ್ತಾಗಿದ್ದು ಚಿತ್ರಗಳ ಪಟ್ಟಿ ಓದಿದ ಮೇಲಂತೆ. ಆದರೆ ಅವನು ಕಾನೂನು ಓದಿಕೊಂಡವನು, ಮೆದೆ ಒಟ್ಟಿದವನಲ್ಲ.

ದೊಡ್ಡಮ್ಮ ಪಟ್ಟಿಯ ಹಂಗಿಲ್ಲದೆ ಗುರುತು ಹಿಡಿದಳು. "ಚೆನ್ನಾಗಿ ಒಟ್ಟವ್ರೆ ಕಣಪ್ಪ. ತಲೆ ಚೂಪಾಗೈತೆ, ನೀರು ನಿಲ್ಲಾಕಿಲ್ಲ."

ಬಣ್ಣದ ಮಾತೆತ್ತಿದೆ.

"ಹೊತ್ತು ಮುಳುಗೋವಾಗ ಹಿಂಗೇ ಅಲ್ವಾ? ನೀನು ಆವಾಗ ಟೀವಿ ಮುಂದೆ ಕೂತಿರ್ತೀಯ."

ಮೆದೆಯ ಮಟ್ಟಿಗೆ ದೊಡ್ಡಮ್ಮನ ತೀರ್ಪು ಶಾಸ್ತ್ರೋಕ್ತ. ಅದು ಬರೀ ಹುಲ್ಲಿನ ಬಣವೆಯಲ್ಲ. ಜೀವರ್ನಿ ಎಂಬ ಊರಿನಲ್ಲಿ, ಮೊನೆಯ ಮನೆ ಪಕ್ಕದ ಹೊಲದಲ್ಲಿ, ಒಕ್ಕಣೆಯ ತನಕ ಗೋಧಿ ತೆನೆ ನೆನೆಯದಿರಲೆಂದು ಒಟ್ಟಿದ್ದು. ಥೇಟು ನಮ್ಮ ರಾಗಿ ಮೆದೆ. 1890ರ ಬೇಸಿಗೆಯ ಕೊನೆಯಿಂದ ಮರುವರ್ಷದವರೆಗೆ ಮೊನೆ ಇಂಥವನ್ನೇ ಸುಮಾರು 25 ಸಲ ಬರೆದ. ಬಿಸಿಲು ಕದಲಿದಂತೆಲ್ಲ ಆ ಕ್ಯಾನ್ವಾಸು ಇಟ್ಟು ಇನ್ನೊಂದು ಎತ್ತಿಕೊಳ್ಳುತ್ತಿದ್ದ. ನಮ್ಮಲ್ಲಾದರೆ ಸುಗ್ಗಿಯಲ್ಲಿ ಹಾಗೆ ಕೂತವನ ಕೈಗೆ ಕುಡುಗೋಲು ಕೊಡುತ್ತಿದ್ದರು. ಅದರಲ್ಲೊಂದು ಚಿತ್ರ 2019ರ ಹರಾಜಿನಲ್ಲಿ 11 ಕೋಟಿ ಡಾಲರ್ ದಾಟಿತು ಎಂದೆ. "ಗೋಧಿ ಎಷ್ಟಕ್ಕೆ ಹೋಯ್ತು?" ಎಂದಳು ದೊಡ್ಡಮ್ಮ.

ಮಾರನೆಯ ಸಂಜೆ ಟೀವಿ ಆರಿಸಿ ಕಣಕ್ಕೆ ಹೋದೆ. ದೂರದಲ್ಲಿ ಸಿದ್ಧರಬೆಟ್ಟ ಮಬ್ಬಾಗುತ್ತಿತ್ತು. ಹುಣಸೆಮರದ ನೆರಳು ಮೆದೆಯ ಬುಡ ಮುಟ್ಟಿತ್ತು, ನೀಲಿಯಾಗಿಯೇ. ಅಂಚಿನಲ್ಲಿ ಕುಂಕುಮವೂ ಇತ್ತು. ಇನ್ನೇನು ನೇರಳೆ ಏರಬೇಕು, ಅಷ್ಟರಲ್ಲಿ ನಮ್ಮ ಹಸು ಹಗ್ಗ ಕಿತ್ತುಕೊಂಡು ಬಂದು ಮೆದೆಗೆ ಬಾಯಿ ಹಾಕಿತು. ಅದನ್ನು ಎಳೆದು ಕಟ್ಟಿ ಬರುವ ಹೊತ್ತಿಗೆ ಕತ್ತಲು.

ಈಗ ಮಿಷನ್ನು ಕೊಯ್ದ ಕಡೆಯೇ ಕಾಳು ಬೇರೆ ಮಾಡುತ್ತದೆ, ಮೆದೆಗಳು ಕಡಿಮೆ. ನಮ್ಮದು ಸಂಕ್ರಾಂತಿ ತನಕ ಇರುತ್ತದೆ. ಬರುವುದಾದರೆ ಐದೂವರೆಯೊಳಗೆ ಬನ್ನಿ. ಹಸು ಹಿಡಿದುಕೊಳ್ಳಲು ಒಬ್ಬರು ಬೇಕು.