ಟೈರಿನ ಜಾತಕ

ಒಹಾಯೋದಲ್ಲಿ ನಾವು ಕೊಂಡ ಮೋಟರ್‌ಹೋಮ್ 1994ರದ್ದು. ಮನೆಯೂ ಹೌದು, ಗಾಡಿಯೂ ಹೌದು. ಹಾಗಾಗಿ ಕೆಡುವುದೂ ಎರಡೂ ಲೆಕ್ಕದಲ್ಲಿ. ಎಂಜಿನ್ ಸರಿಯಿದ್ದ ದಿನ ನಲ್ಲಿ ಸೋರುತ್ತದೆ, ನಲ್ಲಿ ನಿಂತರೆ ಬ್ರೇಕ್ ಕಿರುಗುಡುತ್ತದೆ.

ಟೈರುಗಳ ಮೇಲೆ ಮಾತ್ರ ನನಗೆ ಭಾರೀ ಹೆಮ್ಮೆ; ಒಂದು ಗೆರೆಯೂ ಸವೆದಿಲ್ಲ. ಮೆಕ್ಯಾನಿಕ್ ಬಗ್ಗಿ, ಪಕ್ಕೆಯ ಧೂಳು ಒರೆಸಿ, ನಾಲ್ಕು ಅಂಕಿ ತೋರಿಸಿದ: 2309. ಅಂದರೆ 2009ರ 23ನೇ ವಾರದ ಜನನ. ಓಡದೆ ನಿಂತರೂ ರಬ್ಬರಿಗೆ ಮುಪ್ಪು ಬಂದು ಬಿರುಕು ಬಿಡುತ್ತದೆ, ಆರು ಟೈರನ್ನೂ ಒಟ್ಟಿಗೆ ಬದಲಾಯಿಸಿ ಅಂದ. ನನ್ನ ಮೊಣಕಾಲಿನ ಕಥೆಯೂ ಅದೇ, ಆದರೆ ಅದನ್ನು ಬದಲಾಯಿಸಿ ಅಂತ ಯಾರೂ ಹೇಳಿಲ್ಲ. "ನಮ್ಮ ಮದುವೆಗೂ ಇಷ್ಟು ಸರಿಯಾಗಿ ಜಾತಕ ನೋಡಿರಲಿಲ್ಲ ಕಣ್ರೀ" ಅಂದಳು ಹೆಂಡತಿ.

ಫ್ರಿಜ್ಜಿನದು ಇನ್ನೂ ವಿಚಿತ್ರ. ಗ್ಯಾಸಿನ ಉರಿಯಿಂದ ತಣ್ಣಗಾಗುವ ಜಾತಿ! ಗಾಡಿ ಓರೆಯಾಗಿ ನಿಂತರೆ ಒಳಗಿನ ಅಮೋನಿಯಾ ದ್ರಾವಣ ಸರಿಯಾಗಿ ಹರಿಯದೆ ಮುನಿಸಿಕೊಳ್ಳುತ್ತದೆ. ಅದಕ್ಕೇ ಎಲ್ಲಿ ನಿಲ್ಲಿಸಿದರೂ ಚಕ್ರದಡಿ ಹಲಗೆ ತುರುಕಿ, ರಸಮಟ್ಟ ಇಟ್ಟು, ಗುಳ್ಳೆ ನಡುವೆ ಬರುವವರೆಗೂ ಕುಕ್ಕರಗಾಲಲ್ಲಿ ಕೂರುವುದು ನನ್ನ ಪಾಲು. ಗುಳ್ಳೆ ಒಪ್ಪಿದರೆ ಮಾತ್ರ ನಮಗೆ ತಣ್ಣನೆಯ ಮೊಸರು.

ಚಾವಣಿಯ ರಬ್ಬರ್ ಹಾಳೆಯ ಸುದ್ದಿ ಈಗಲೇ ಎತ್ತಬೇಡಿ. ಮಳೆ ಇನ್ನೂ ಬಂದಿಲ್ಲ.