ಎಡಗೈಗೆ ಮಾತ್ರ ಗ್ಲೌಸು

ಹಿಮದ ಮೇಲೆ ಜಾರುವ ಆಟದವರು ಬಾಳಿಕೆ ಬರುವ ಗ್ಲೌಸಿಗಾಗಿ ತಲೆ ಕೆಡಿಸಿಕೊಳ್ಳುತ್ತಾರಂತೆ. ಒಂದು ಸಲ ಮಳವಳ್ಳಿ ಕಡೆ ಬಂದು ಕಬ್ಬು ಕಡಿಯಲಿ. ಸೋಗೆಯ ಅಂಚು ಸಾಕ್ಷಾತ್ ಗರಗಸ. ಮಂಡ್ಯದಲ್ಲಿ ಮೈಶುಗರ್ ಸಕ್ಕರೆ ಕಂಪನಿ ಹುಟ್ಟಿದ 1933ರಿಂದ ಅದು ಎಷ್ಟು ಕೈ ಕುಯ್ದಿದೆಯೋ, ಸಕ್ಕರೆ ತಿಂದವರಿಗೇನು ಗೊತ್ತು!

ನಮ್ಮ ಕಡೆಯ ತಾಪತ್ರಯವೇ ಬೇರೆ. ಮಚ್ಚು ಹಿಡಿದ ಬಲಗೈಗೆ ಗ್ಲೌಸು ಹಾಕಿದರೆ ಹಿಡಿ ಜಾರುತ್ತದೆ. ಜಾರಿದ ಮಚ್ಚಿಗೆ ಕಬ್ಬು ಯಾವುದು, ಕಾಲು ಯಾವುದು ಎಂಬ ಭೇದವಿಲ್ಲ. ಹಾಗಾಗಿ ಕಬ್ಬು ತಬ್ಬುವ ಎಡಗೈಗೆ ಮಾತ್ರ ಗ್ಲೌಸು. ಅದು ಹರಿಯುವ ಹೊತ್ತಿಗೆ ಬಲಗೈಯದು ಹೊಚ್ಚ ಹೊಸದಾಗಿ ಗೂಟದಲ್ಲಿ ನೇತಾಡುತ್ತಿರುತ್ತದೆ. ಅಂಗಡಿಯವನನ್ನು ಕೇಳಿದರೆ:

"ಎಡಗೈದು ಒಂದೇ ಕೊಡಣ್ಣೋ."

"ನಾಳೆ ಚಪ್ಲಿನೂ ಒಂಟಿ ಕೇಳ್ತೀಯೇನ್ಲಾ?"

ಬರಿ ನೂಲಿನದಾದರೆ ಬಲದ್ದನ್ನು ಎಡಕ್ಕೆ ಹಾಕಬಹುದು. ಅಂಗೈಗೆ ರಬ್ಬರ್ ಚುಕ್ಕೆ ಇದ್ದರೆ ಮಾತ್ರ ಫಜೀತಿ: ಚುಕ್ಕೆಗಳೆಲ್ಲ ಅಂಗೈಯ ಹಿಂಬದಿಯಲ್ಲಿ ಶೃಂಗಾರಕ್ಕೆ ಕೂರುತ್ತವೆ. ಒಳಗಿನದನ್ನು ಹೊರಗೆ ಮಾಡಿದರೆ ಅಂಗೈಗೆ ಕಚಗುಳಿ.

ತೊಗಲಿನದು ಹೆಚ್ಚು ಬಾಳುತ್ತದೆ. ಮೊದಲು ಸವೆಯುವುದು ಹೆಬ್ಬೆರಳು–ತೋರುಬೆರಳಿನ ಸಂದು. ಹರಿಯುವ ಮುಂಚೆಯೇ ಹಳೇ ತೊಗಲಿನ ತೇಪೆ ಹಾಕಿಸಿದರೆ ಒಳ್ಳೆಯದು. ನೆನೆದದ್ದನ್ನು ಆಲೆಮನೆ ಒಲೆಯ ಪಕ್ಕ ಒಣಗಿಸಿದಿರೋ, ಬೆಳಗ್ಗೆ ಬೆರಳು ಮಡಚಲು ಅದು ಒಪ್ಪುವುದಿಲ್ಲ. ನೆರಳಲ್ಲಿ ಒಣಗಿಸಿ, ತುಸು ಎಣ್ಣೆ ಸವರಬೇಕು. ಮದ್ದೂರು ವಡೆ ತಿಂದ ಕೈ ಒರೆಸಿದರೂ ನಡೆದೀತು. ನಾಯಿ ಕಚ್ಚಿಕೊಂಡು ಹೋದರೆ ಹೊಣೆ ನನ್ನದಲ್ಲ.